ಜಗ್ ಫಿಲ್ಟರ್ ಕೊಳ್ಳಬೇಕೆಂದಿದ್ದೇವೆ: ನಮ್ಮ ಕಡೆಯ ನೀರಿಗೆ ಅದು ಸಾಲುತ್ತದೆಯೇ?

ನಂದಿತಪ್ಪಲು (ಚಿಕ್ಕಬಳ್ಳಾಪುರ):

ಎಲ್ಲರಿಗೂ ನಮಸ್ಕಾರ. ನಾವು ಚಿಕ್ಕಬಳ್ಳಾಪುರ ಪಟ್ಟಣದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ವಾರಕ್ಕೆ ಎರಡು ಸಲ ನಲ್ಲಿ ನೀರು ಬರುತ್ತದೆ. ಅದು ಸಾಲದೆ ಹೋದಾಗ ಮನೆ ಮಾಲೀಕರು ತಮ್ಮ ಬೋರ್‌ವೆಲ್ ನೀರನ್ನೂ ಅದೇ ಸಂಪಿಗೆ ಬಿಡುತ್ತಾರೆ. ಗೋಡೆಗೆ ಮೊಳೆ ಹೊಡೆಯಬಾರದೆಂಬ ಮಾತಿನ ಮೇಲೆ ಮನೆ ಕೊಟ್ಟಿರುವುದರಿಂದ ಆರ್‌ಓ ಯಂತ್ರ ಹಾಕಿಸುವಂತಿಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ, ಮೇಲಿನ ಬುಟ್ಟಿಗೆ ನೀರು ಸುರಿದರೆ ಒಳಗಿನ ಕಾರ್ಟ್ರಿಜ್ ಮೂಲಕ ಕೆಳಗಿಳಿಯುವ ಜಗ್ ಫಿಲ್ಟರ್ ಒಂದನ್ನು ತಂದುಕೊಡುತ್ತೇನೆ ಎನ್ನುತ್ತಿದ್ದಾನೆ. ಅವನ ಕೋಣೆಯಲ್ಲಿ ಅದೇ ಇದೆ, ಅಲ್ಲಿ ನೀರು ಚೆನ್ನಾಗಿಯೇ ಇರುತ್ತದೆ.

ಮನೆಯಲ್ಲಿ ನಾವಿಬ್ಬರು, ಎಂಬತ್ತು ದಾಟಿದ ನಮ್ಮ ಅತ್ತೆಯವರು, ಜೊತೆಗೆ ಇಲ್ಲಿಯೇ ಶಾಲೆಗೆ ಹೋಗುತ್ತಿರುವ ಆರು ವರ್ಷದ ಮೊಮ್ಮಗಳು ಇದ್ದೇವೆ. ಈಗ ಕುಡಿಯಲು ಕ್ಯಾನ್ ನೀರು ತರುತ್ತೇವೆ. ಇಪ್ಪತ್ತು ಲೀಟರ್ ಕ್ಯಾನ್ ಹೊತ್ತು ಮೆಟ್ಟಿಲು ಹತ್ತುವುದು ನಮ್ಮ ಯಜಮಾನರಿಗೆ ಕಷ್ಟವಾಗುತ್ತಿದೆ. ನಮ್ಮ ಕಡೆಯ ನೀರಿಗೆ ಈ ಜಗ್ ಸಾಕಾಗುತ್ತದೆಯೇ, ಕೊಳ್ಳುವಾಗ ಏನನ್ನು ನೋಡಬೇಕು, ಬಳಸುವಾಗ ಯಾವ ಎಚ್ಚರ ಬೇಕು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಕಲ್ಪತರು (ತುಮಕೂರು):

ಮೇಡಂ, ನಾವು ಮೂರು ವರ್ಷದಿಂದ ಇಂಥ ಜಗ್ ಬಳಸುತ್ತಿದ್ದೇವೆ ಮತ್ತು ನಮಗೆ ತೃಪ್ತಿಯಿದೆ. ಆದರೆ ನಮ್ಮ ಬಡಾವಣೆಗೆ ಬರುವುದು ಬುಗುಡನಹಳ್ಳಿ ಕೆರೆಯಲ್ಲಿ ಸಂಗ್ರಹಿಸಿ, ಶುದ್ಧೀಕರಿಸಿ, ಕ್ಲೋರಿನ್ ಹಾಕಿ ಬಿಡುವ ಹೇಮಾವತಿಯ ನೀರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಮಗಿದ್ದ ತೊಂದರೆ ಕ್ಲೋರಿನ್ ವಾಸನೆಯದು ಮಾತ್ರ. ಬೆಳಗಿನ ಕಾಫಿಗೆ ಡಿಕಾಕ್ಷನ್ ಹಾಕಿದರೆ ಪುಡಿಯ ಪರಿಮಳಕ್ಕಿಂತ ಮುಂಚೆ ಆ ವಾಸನೆಯೇ ಮೂಗಿಗೆ ಬಡಿಯುತ್ತಿತ್ತು. ಜಗ್ಗಿನ ನೀರು ಬಳಸಿದ ಮೊದಲ ದಿನವೇ ಅದು ಹೋಯಿತು.

ಕಾರ್ಟ್ರಿಜ್ ಒಳಗಿರುವ ಮುಖ್ಯ ಪದಾರ್ಥ ಸಕ್ರಿಯ ಇಂಗಾಲ. ಅದನ್ನು ಹೆಚ್ಚಾಗಿ ತೆಂಗಿನ ಚಿಪ್ಪಿನ ಇದ್ದಿಲಿನಿಂದಲೇ ಮಾಡುತ್ತಾರೆ. ತಿಪಟೂರಿನ ಕೊಬ್ಬರಿ ಚಿಪ್ಪು ಕಂಡವರಿಗೆ ಆ ಇದ್ದಿಲು ಹೊಸದಲ್ಲ. ಅದನ್ನು ಬಹಳ ಹೆಚ್ಚಿನ ಕಾವಿನಲ್ಲಿ ಹಬೆ ಹಾಯಿಸಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮ ರಂಧ್ರಗಳು ಮೂಡುವಂತೆ ಮಾಡಿರುತ್ತಾರೆ. ಕ್ಲೋರಿನ್ ಮತ್ತು ವಾಸನೆ ಕೊಡುವ ಸಾವಯವ ವಸ್ತುಗಳನ್ನು ನೀರಿನಿಂದ ತೆಗೆಯುವುದು ಅದೇ. ಹೊಸ ಕಾರ್ಟ್ರಿಜ್ ಹಾಕಿದಾಗ ಜಗ್ಗಿನ ತಳದಲ್ಲಿ ಕಪ್ಪು ಹುಡಿ ಕಂಡರೆ ಗಾಬರಿಯಾಗಬೇಡಿ, ಅದು ಇದ್ದಿಲಿನ ಪುಡಿ. ಕಾರ್ಟ್ರಿಜ್ಜನ್ನು ತಣ್ಣೀರಿನಲ್ಲಿ ಮುಳುಗಿಸಿ, ಗುಳ್ಳೆ ಬರುವುದು ನಿಲ್ಲುವವರೆಗೆ ಮೆಲ್ಲಗೆ ಅಲುಗಾಡಿಸಿ, ಆಮೇಲೆ ಕೂರಿಸಿ. ಮೊದಲ ಎರಡು ಸಲ ಇಳಿದ ನೀರನ್ನು ತುಳಸಿ ಗಿಡಕ್ಕೆ ಹಾಕಿ, ಮೂರನೆಯದರಿಂದ ಕುಡಿಯಿರಿ. ಗುಳ್ಳೆ ಒಳಗೇ ಉಳಿದರೆ ನೀರು ಇಳಿಯುವುದೇ ಇಲ್ಲ. ನಾನೊಮ್ಮೆ ಕಾರ್ಟ್ರಿಜ್ ಹಾಳಾಗಿದೆ ಎಂದು ಅಂಗಡಿಗೆ ಹಿಂತಿರುಗಿಸಲು ಹೊರಟಿದ್ದೆ.

ರಸಾಯನ ಮೇಷ್ಟ್ರು (ಚಿಂತಾಮಣಿ):

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕನಾಗಿ ಈ ವಿಷಯದಲ್ಲಿ ಸ್ವಲ್ಪ ವಿವರವಾಗಿ ಬರೆಯುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. ತುಮಕೂರಿನ ಸ್ನೇಹಿತರು ಹೇಳಿದ್ದು ಅವರ ನೀರಿಗೆ ಸಂಪೂರ್ಣ ಸರಿ. ಪ್ರಶ್ನೆ ಕೇಳಿದವರ ಸಂಪಿನಲ್ಲಿರುವುದು ಬೇರೆ ನೀರು. ಜಕ್ಕಲಮಡಗು ಜಲಾಶಯದಂಥ ಮೇಲ್ಮೈ ನೀರಿಗೂ ಕೊಳವೆಬಾವಿಯ ನೀರಿಗೂ ಇರುವ ವ್ಯತ್ಯಾಸವನ್ನು ಅರಿಯದೆ ಫಿಲ್ಟರ್ ಆರಿಸಬಾರದು.

ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಅವಳಿ ಜಿಲ್ಲೆಗಳ ತಳದಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಶಿಲೆ. ಆ ಬಂಡೆಯ ಬಿರುಕುಗಳಲ್ಲಿ ವರ್ಷಾನುಗಟ್ಟಲೆ ನಿಂತ ನೀರು ಕಲ್ಲಿನೊಳಗಿನ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ತೆರೆದ ಬಾವಿಗಳು ಬತ್ತಿ, ಸಾವಿರ ಅಡಿಗೂ ಆಳಕ್ಕೆ ಕೊರೆಯತೊಡಗಿದ ಮೇಲೆ ನಾವು ಕುಡಿಯುತ್ತಿರುವುದು ಆ ಹಳೆಯ ನೀರನ್ನು. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500:2012ರ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಒಪ್ಪಬಹುದು. ಬೇರೆ ನೀರು ಸಿಗದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಅದನ್ನು ಮೀರಿದ ನೀರನ್ನು ಹಲ್ಲು ರೂಪುಗೊಳ್ಳುವ ವಯಸ್ಸಿನ, ಅಂದರೆ ಸುಮಾರು ಎಂಟು ವರ್ಷದೊಳಗಿನ ಮಕ್ಕಳು ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ತಮ್ಮ ಮೊಮ್ಮಗಳಿಗೆ ಆರು ವರ್ಷ ಎಂದು ಬರೆದಿದ್ದೀರಿ. ನಾನು ಇಷ್ಟು ಒತ್ತಿ ಬರೆಯುತ್ತಿರುವುದು ಆ ಮಗುವಿಗಾಗಿ.

ಈಗ ಕಾರ್ಟ್ರಿಜ್ ವಿಷಯಕ್ಕೆ ಬರೋಣ. ಅದರಲ್ಲಿ ಇಂಗಾಲದ ಜೊತೆಗೆ ಸಣ್ಣ ಮಣಿಗಳಂಥ ಅಯಾನು ವಿನಿಮಯ ರಾಳ ಇರುತ್ತದೆ. ಸಾಮಾನ್ಯ ಜಗ್‌ಗಳಲ್ಲಿರುವ ಈ ರಾಳ ಧನ ವಿದ್ಯುದಂಶವುಳ್ಳ ಅಯಾನುಗಳನ್ನು ಮಾತ್ರ ಹಿಡಿಯುತ್ತದೆ. ಕ್ಯಾಲ್ಸಿಯಂ, ಸೀಸ, ತಾಮ್ರ ಇವು ಆ ಬಗೆಯವು. ಫ್ಲೋರೈಡ್ ಮತ್ತು ನೈಟ್ರೇಟ್ ಋಣ ವಿದ್ಯುದಂಶದವು. ಅವು ಆ ಮಣಿಗಳ ಪಕ್ಕದಲ್ಲಿಯೇ ಹಾದು ಜಗ್ಗಿಗೆ ಇಳಿಯುತ್ತವೆ. ಇಂಗಾಲವೂ ಅವನ್ನು ತಡೆಯುವುದಿಲ್ಲ. ಆದ್ದರಿಂದ ನೀರಿನ ರುಚಿ ಚೆನ್ನಾಯಿತು ಎಂಬುದರಿಂದ ಫ್ಲೋರೈಡ್ ಹೋಯಿತು ಎಂದು ತಿಳಿಯಬಾರದು. ಫ್ಲೋರೈಡಿಗೆ ರುಚಿಯೂ ಇಲ್ಲ, ಬಣ್ಣವೂ ಇಲ್ಲ.

ನೀರು ಕುದಿಸಿದರೆ ಸರಿಹೋಗುತ್ತದೆ ಎಂದು ಇನ್ನೂ ಅನೇಕರು ನಂಬಿದ್ದಾರೆ. ಹತ್ತು ಲೀಟರ್ ನೀರು ಕುದಿದು ಎಂಟು ಲೀಟರಾದರೆ ಅದರೊಳಗಿನ ಫ್ಲೋರೈಡ್ ಅಷ್ಟೇ ಉಳಿದು ಸಾಂದ್ರತೆ ಕಾಲು ಪಾಲು ಹೆಚ್ಚುತ್ತದೆ.

ಬಾಗೇಪಲ್ಲಿಯ ಓದುಗ:

ಮೇಷ್ಟ್ರು ಹೇಳಿದ್ದು ಅಕ್ಷರಶಃ ನಿಜ. ನನ್ನ ಮುಂಬಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆಗಳಿವೆ. ಕಾಲೇಜಿಗೆ ಬೆಂಗಳೂರಿಗೆ ಹೋದಾಗ ಹಲ್ಲುಜ್ಜುವುದಿಲ್ಲವೇ ಎಂದು ಕೇಳಿದವರಿದ್ದಾರೆ, ಬಾಯಿ ಮುಚ್ಚಿಕೊಂಡು ನಗುವುದು ಆಗ ಅಭ್ಯಾಸವಾದದ್ದು ಇಂದಿಗೂ ಹೋಗಿಲ್ಲ. ನಮ್ಮೂರಲ್ಲಿ ನನ್ನ ವಯಸ್ಸಿನವರಲ್ಲಿ ಇದು ಅಪರೂಪವೇನಲ್ಲ. ಈಗ ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುತ್ತೇವೆ, ನನ್ನ ಮಕ್ಕಳ ಹಲ್ಲು ಬೆಳ್ಳಗಿದೆ. ದಯವಿಟ್ಟು ಮಗುವಿಗೆ ಬೋರ್ ನೀರನ್ನು ಜಗ್ಗಿಗೆ ಸುರಿದು ಕೊಡಬೇಡಿ.

ರೇಷ್ಮೆಗೂಡು (ಶಿಡ್ಲಘಟ್ಟ):

ನನ್ನ ಬಳಿ ಟಿಡಿಎಸ್ ಮೀಟರ್ ಇದೆ. ಜಗ್ಗಿಗೆ ಹಾಕುವ ಮುಂಚೆ 620 ಇದ್ದದ್ದು ಇಳಿದ ಮೇಲೆ 540 ತೋರಿಸಿತು. ಅಂದರೆ ಫಿಲ್ಟರ್ ಸ್ವಲ್ಪ ಮಾತ್ರ ಕೆಲಸ ಮಾಡುತ್ತಿದೆ ಎಂದು ತಿಳಿಯಬೇಕೇ? ಈ ಮೀಟರಿನಿಂದ ಫ್ಲೋರೈಡ್ ಗೊತ್ತಾಗುತ್ತದೆಯೇ?

ರಸಾಯನ ಮೇಷ್ಟ್ರು:

ಎರಡನೆಯ ಪ್ರಶ್ನೆಗೆ ಇಲ್ಲವೆಂದೇ ಉತ್ತರ. ಆ ಮೀಟರು ನೀರಿನ ವಿದ್ಯುದ್ವಾಹಕತೆಯನ್ನು ಅಳೆದು, ಕರಗಿರುವ ಎಲ್ಲ ಲವಣಗಳ ಒಟ್ಟು ಮೊತ್ತವನ್ನು ಅಂದಾಜು ಮಾಡಿ ತೋರಿಸುತ್ತದೆ. 600ರಲ್ಲಿ 2 ಮಿಲಿಗ್ರಾಂ ಫ್ಲೋರೈಡ್ ಇದ್ದರೂ ಇಲ್ಲದಿದ್ದರೂ ಅದಕ್ಕೆ ಬೇರ್ಪಡಿಸಿ ತಿಳಿಯುವುದಿಲ್ಲ. ಕ್ರಿಮಿಯೂ ತಿಳಿಯುವುದಿಲ್ಲ, ಕ್ಲೋರಿನ್ ವಾಸನೆಯೂ ತಿಳಿಯುವುದಿಲ್ಲ.

ಮೊದಲನೆಯದಕ್ಕೆ ಹೇಳಬೇಕಾದದ್ದು ಸ್ವಲ್ಪ ಹೆಚ್ಚು. ಗಡಸುತನದಲ್ಲಿ ಎರಡು ಬಗೆಯಿದೆ. ಬೈಕಾರ್ಬೊನೇಟಿನ ರೂಪದಲ್ಲಿರುವ ಕ್ಯಾಲ್ಸಿಯಂ ತಾತ್ಕಾಲಿಕ ಗಡಸುತನ ಕೊಡುತ್ತದೆ; ಕಾಯಿಸುವ ಪಾತ್ರೆಯ ತಳದಲ್ಲಿ ಸುಣ್ಣದಂತೆ ಕಟ್ಟುವುದು, ಟೀ ಮೇಲೆ ಪೊರೆ ಕಟ್ಟುವುದು ಅದರಿಂದ. ಜಗ್ಗಿನ ರಾಳ ಮುಖ್ಯವಾಗಿ ಇದನ್ನೇ ತೆಗೆಯುತ್ತದೆ. ಕ್ಯಾಲ್ಸಿಯಂ ಹಿಡಿದು ಹೈಡ್ರೋಜನ್ ಬಿಡುತ್ತದೆ, ಆ ಹೈಡ್ರೋಜನ್ ಬೈಕಾರ್ಬೊನೇಟಿನ ಜೊತೆ ಸೇರಿ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ತಮ್ಮ ಮೀಟರಿನಲ್ಲಿ ಇಳಿದ 80 ಅಂಶ ಹೀಗೆ ಹೋದದ್ದು. ಸಲ್ಫೇಟ್, ಕ್ಲೋರೈಡ್‌ಗಳ ಜೊತೆಗಿರುವ ಶಾಶ್ವತ ಗಡಸುತನ ಬಹುಪಾಲು ಹಾಗೆಯೇ ಉಳಿಯುತ್ತದೆ. ಆದ್ದರಿಂದ ಮೀಟರಿನ ಅಂಕಿ ಹೆಚ್ಚು ಇಳಿಯಲಿಲ್ಲ ಎಂಬ ಒಂದೇ ಕಾರಣಕ್ಕೆ ಜಗ್ ಕೆಟ್ಟದ್ದೆನ್ನಲಾಗದು. ಲವಣ ಇಳಿಸುವುದಕ್ಕಾಗಿ ಅದನ್ನು ಮಾಡಿದ್ದೇ ಅಲ್ಲ.

ಮಾವಿನತೋಪು (ಶ್ರೀನಿವಾಸಪುರ):

ಬಳಕೆಯ ವಿಷಯದಲ್ಲಿ ನಮಗಾದ ತೊಂದರೆಯನ್ನು ಹೇಳುತ್ತೇನೆ. ಕಳೆದ ವರ್ಷ ತೋಟದಲ್ಲಿ ಕೊಯ್ಲಿನ ಕೆಲಸಕ್ಕೆಂದು ಹದಿನೈದು ದಿನ ಊರಿನಲ್ಲಿ ಉಳಿಯಬೇಕಾಯಿತು. ಜಗ್ಗಿನಲ್ಲಿ ಅರ್ಧ ನೀರು ಬಿಟ್ಟು, ಅಡುಗೆಮನೆಯ ಕಿಟಕಿಯ ಪಕ್ಕದಲ್ಲಿ ಬಿಸಿಲು ಬೀಳುವ ಕಡೆ ಇಟ್ಟು ಹೋಗಿದ್ದೆವು. ಹಿಂತಿರುಗಿ ಬಂದಾಗ ಹೊಸ ನೀರು ಹಾಕಿ ಮಗನಿಗೆ ಕೊಟ್ಟೆ. ಅವನು ಒಂದು ಗುಟುಕು ಕುಡಿದು ಉಗುಳಿದ. ಬುಟ್ಟಿಯನ್ನು ಎತ್ತಿ ನೋಡಿದರೆ ಕಾರ್ಟ್ರಿಜ್ ಕೂರುವ ಸಂದಿಯಲ್ಲಿ ಬೆರಳಿಗೆ ಜಾರುವಷ್ಟು ಲೋಳೆ, ಜಗ್ಗಿನ ಒಳಗೋಡೆಗೆ ತಿಳಿ ಹಸಿರು ಪಾಚಿ. ಮಗನಿಗೆ ಏನೂ ಆಗಲಿಲ್ಲವೆಂಬುದೊಂದೇ ಸಮಾಧಾನ. ಅಂದಿನಿಂದ ಎರಡು ದಿನಕ್ಕಿಂತ ಹೆಚ್ಚು ಊರಿಗೆ ಹೋಗುವುದಾದರೆ ಜಗ್ ಬರಿದು ಮಾಡಿ, ಒರೆಸಿ, ಕಾರ್ಟ್ರಿಜ್ಜನ್ನು ಒದ್ದೆಯಿರುವಾಗಲೇ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿ ಇಡುತ್ತೇನೆ. ಬಂದ ಮೇಲೆ ಎರಡು ಜಗ್ ನೀರು ಇಳಿಸಿ ಚೆಲ್ಲುತ್ತೇನೆ. ವಾರಕ್ಕೂ ಮೀರಿದರೆ ಹೊಸ ಕಾರ್ಟ್ರಿಜ್ಜನ್ನೇ ಹಾಕುತ್ತೇನೆ.

ನಾವು ನೀರನ್ನು ಮೊದಲು ಕುದಿಸಿ, ಆರಿಸಿ, ಆಮೇಲೆ ಜಗ್ಗಿಗೆ ಹಾಕುತ್ತೇವೆ. ಸುಣ್ಣವೆಲ್ಲ ಪಾತ್ರೆಯಲ್ಲಿಯೇ ಉಳಿಯುವುದರಿಂದ ಕಾರ್ಟ್ರಿಜ್ ಹೆಚ್ಚು ದಿನ ಬರುತ್ತದೆ. ಇದು ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ.

ರಸಾಯನ ಮೇಷ್ಟ್ರು:

ಕಾರ್ಟ್ರಿಜ್ ಹೆಚ್ಚು ದಿನ ಬರುತ್ತದೆ ಎಂಬುದು ನಿಜ, ಆದರೆ ಆರೋಗ್ಯದ ದೃಷ್ಟಿಯಿಂದ ಈ ಕ್ರಮವನ್ನು ನಾನು ಒಪ್ಪುವುದಿಲ್ಲ. ಜಗ್ ಕ್ರಿಮಿ ಕೊಲ್ಲುವ ಸಾಧನವಲ್ಲ. ಕೆಲವು ಕಾರ್ಟ್ರಿಜ್‌ಗಳ ಇಂಗಾಲದಲ್ಲಿ ಬೆಳ್ಳಿಯ ಅಂಶ ಸೇರಿಸಿರುತ್ತಾರೆ; ಅದು ಕಾರ್ಟ್ರಿಜ್ ಒಳಗೆ ಕ್ರಿಮಿ ಬೆಳೆಯುವುದನ್ನು ತಗ್ಗಿಸಲು ಹಾಕಿದ್ದೇ ಹೊರತು, ಕಲುಷಿತ ನೀರನ್ನು ಶುದ್ಧ ಮಾಡಲು ಅಲ್ಲ. ಕುದಿಸಿ ಕ್ರಿಮಿರಹಿತವಾದ ನೀರನ್ನು ದಿನಗಟ್ಟಲೆ ಒದ್ದೆಯಾಗಿರುವ ಕಾರ್ಟ್ರಿಜ್ ಮೂಲಕ ಹಾಯಿಸಿದರೆ, ತಾವೇ ಕಂಡಂಥ ಲೋಳೆಯನ್ನು ಅದು ಮತ್ತೆ ಹೊತ್ತು ಬರಬಹುದು. ಮೊದಲು ಜಗ್ಗಿನಲ್ಲಿ ಶೋಧಿಸಿ, ಆಮೇಲೆ ಕುದಿಸಿ, ಮುಚ್ಚಿ ಆರಿಸಿ ಕುಡಿಯುವುದು ಸರಿ. ಎಂಬತ್ತು ದಾಟಿದ ಹಿರಿಯರಿರುವ ಮನೆಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ ನಲ್ಲಿ ನೀರು ಕದಡಿ ಬಂದ ದಿನಗಳಲ್ಲಿ, ಇದನ್ನು ತಪ್ಪಿಸಬಾರದು. ಆ ಕದಡಿದ ನೀರನ್ನು ಬಿಳಿ ಪಂಚೆಯ ಬಟ್ಟೆಯಲ್ಲಿ ಸೋಸಿಯೇ ಜಗ್ಗಿಗೆ ಹಾಕಿರಿ. ಬಿಸಿ ನೀರನ್ನಂತೂ ಜಗ್ಗಿಗೆ ಹಾಕಲೇಬಾರದು.

ಇನ್ನೊಂದು ಮಾತು. ನಲ್ಲಿ ನೀರಿನ ಕ್ಲೋರಿನ್ ವಾಸನೆ ನಮಗೆ ಹಿತವಲ್ಲದಿದ್ದರೂ, ನೀರನ್ನು ಮನೆಯವರೆಗೆ ಕಾಯ್ದುಕೊಂಡು ಬಂದದ್ದು ಅದೇ ಕ್ಲೋರಿನ್. ಜಗ್ಗಿನಿಂದ ಇಳಿದ ಮೇಲೆ ಆ ಕಾವಲು ಇರುವುದಿಲ್ಲ. ಆ ನೀರನ್ನು ಒಂದು ದಿನದೊಳಗೆ ಮುಗಿಸಬೇಕು.

ಮಾವಿನತೋಪು:

ತಿದ್ದಿದ್ದಕ್ಕೆ ಧನ್ಯವಾದಗಳು ಸಾರ್. ನಾಳೆಯಿಂದಲೇ ಕ್ರಮ ಬದಲಿಸುತ್ತೇನೆ. ಶೋಧಿಸಿದ ನೀರನ್ನು ಮಣ್ಣಿನ ಹೂಜಿಗೆ ತುಂಬಿಡುವ ಅಭ್ಯಾಸವೂ ನಮ್ಮಲ್ಲಿದೆ, ಅದನ್ನು ದಿನವೂ ತೊಳೆದು ಕವುಚಿಡಬೇಕೆಂಬುದು ಈಗ ಸ್ಪಷ್ಟವಾಯಿತು.

ಕೋಲಾರದಿಂದ ಒಬ್ಬರು:

ತಾಮ್ರದ ಬಿಂದಿಗೆಯ ನೀರನ್ನು ಜಗ್ಗಿಗೆ ಹಾಕಬಹುದೇ? ನಮ್ಮ ತಾಯಿಯವರು ರಾತ್ರಿ ತಾಮ್ರದಲ್ಲಿಟ್ಟ ನೀರನ್ನೇ ಬಳಸುತ್ತಾರೆ. ಇನ್ನೊಂದು ಸಂದೇಹ: 2018ರಿಂದ ಕೆ.ಸಿ. ವ್ಯಾಲಿಯ ನೀರು ನಮ್ಮ ಕೆರೆಗಳಿಗೆ ಬರುತ್ತಿರುವುದರಿಂದ ಬತ್ತಿಹೋಗಿದ್ದ ಬೋರ್‌ವೆಲ್‌ನಲ್ಲಿ ಮತ್ತೆ ನೀರು ಬಂದಿದೆ. ರೈತರಾದ ನಮಗೆ ಅದು ದೊಡ್ಡ ಉಪಕಾರ. ಆದರೆ ಆ ನೀರನ್ನು ಜಗ್ಗಿನಲ್ಲಿ ಶೋಧಿಸಿ ಕುಡಿಯಬಹುದೇ?

ರಸಾಯನ ಮೇಷ್ಟ್ರು:

ತಾಮ್ರದಲ್ಲಿಟ್ಟ ನೀರನ್ನು ಜಗ್ಗಿಗೆ ಹಾಕಿದರೆ ರಾಳ ಆ ತಾಮ್ರವನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಮೊದಲು ಶೋಧಿಸಿ, ಆಮೇಲೆ ಬಿಂದಿಗೆಗೆ ತುಂಬಿರಿ.

ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬರುವುದು ಬೆಂಗಳೂರಿನ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಸಂಸ್ಕರಿಸಿದ ನೀರು, ಉದ್ದೇಶ ಅಂತರ್ಜಲ ಮರುಪೂರಣ. ಆ ಕೆರೆಗಳ ಹತ್ತಿರದ ಬೋರ್‌ವೆಲ್ ಆಗಲಿ, ಗೊಬ್ಬರ ಹೆಚ್ಚು ಹಾಕುವ ತರಕಾರಿ ತೋಟದ ಪಕ್ಕದ ಬೋರ್‌ವೆಲ್ ಆಗಲಿ, ಫ್ಲೋರೈಡಿನ ಜೊತೆಗೆ ನೈಟ್ರೇಟ್ ಮತ್ತು ಕ್ರಿಮಿ ಪರೀಕ್ಷೆಯನ್ನೂ ಮಾಡಿಸದೆ ಕುಡಿಯಬಾರದು. ನೈಟ್ರೇಟಿನ ಮಿತಿ ಲೀಟರಿಗೆ 45 ಮಿಲಿಗ್ರಾಂ. ಹಸುಗೂಸುಗಳಿಗೆ ಅದು ಅಪಾಯ. ಜಗ್ ಅದನ್ನು ತೆಗೆಯುವುದಿಲ್ಲ.

ಕಲ್ಪತರು:

ಖರ್ಚಿನ ಲೆಕ್ಕವನ್ನು ಯಾರೂ ಹೇಳಲಿಲ್ಲ. ಸಾಮಾನ್ಯ ಕಾರ್ಟ್ರಿಜ್ ಒಂದಕ್ಕೆ 100ರಿಂದ 150 ಲೀಟರ್ ಆಯಸ್ಸು ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಒಂದು ತಿಂಗಳು ಎಂಬ ಮಾತು ದಿನಕ್ಕೆ ನಾಲ್ಕೈದು ಲೀಟರ್ ಬಳಸುವವರಿಗೆ. ನಂದಿತಪ್ಪಲು ಅವರ ಮಗ ಒಬ್ಬರೇ ಇರುವುದರಿಂದ ಅವರಿಗೆ ಅದು ಸರಿಹೊಂದಿರಬಹುದು. ನಾಲ್ಕು ಜನರ ಮನೆಯಲ್ಲಿ ಕುಡಿಯಲು, ಕಾಫಿಗೆ ಸೇರಿ ದಿನಕ್ಕೆ ಹತ್ತು ಲೀಟರ್ ಎಂದರೂ 150 ಲೀಟರ್ ಹದಿನೈದು ದಿನಕ್ಕೆ ಮುಗಿಯಿತು. ವರ್ಷಕ್ಕೆ ಇಪ್ಪತ್ತನಾಲ್ಕು ಕಾರ್ಟ್ರಿಜ್. ಜಗ್ಗಿನ ಬೆಲೆಯನ್ನಲ್ಲ, ಈ ಇಪ್ಪತ್ತನಾಲ್ಕರ ಬೆಲೆಯನ್ನು ನೋಡಿ ತೀರ್ಮಾನಿಸಬೇಕು. ಮುಚ್ಚಳದ ಮೇಲಿರುವ ಸೂಚಕವನ್ನು ನಂಬಿ ಕೂರಬೇಡಿ. ಕೆಲವು ಸೂಚಕಗಳು ದಿನ ಎಣಿಸುತ್ತವೆ, ಕೆಲವು ಮುಚ್ಚಳ ತೆರೆದದ್ದನ್ನು ಎಣಿಸುತ್ತವೆ. ನೀರು ಎಷ್ಟು ಗಡಸು ಎಂಬುದು ಅವಕ್ಕೆ ತಿಳಿಯದು. ಗಡಸು ನೀರಿನಲ್ಲಿ ರಾಳ ಬೇಗ ತುಂಬಿಹೋಗುತ್ತದೆ. ಕಾಯಿಸುವ ಪಾತ್ರೆಯಲ್ಲಿ ಮತ್ತೆ ಬಿಳಿ ಕಟ್ಟತೊಡಗಿದರೆ ರಾಳ ಮುಗಿಯಿತೆಂದು, ಕ್ಲೋರಿನ್ ವಾಸನೆ ಮರಳಿದರೆ ಇಂಗಾಲ ಮುಗಿಯಿತೆಂದು ನಾವು ತಿಳಿಯುತ್ತೇವೆ. ಕಾರ್ಟ್ರಿಜ್ ಹಾಕಿದ ದಿನಾಂಕವನ್ನು ಮುಚ್ಚಳಕ್ಕೆ ಅಂಟಿಸಿದ ಚೀಟಿಯಲ್ಲಿ ಬರೆದಿಡುವುದು ಎಲ್ಲಕ್ಕಿಂತ ಒಳ್ಳೆಯದು.

ಜಗ್ಗಿನ ಅಳತೆಯಲ್ಲೂ ಮೋಸಹೋಗಬಾರದು. 3.5 ಲೀಟರ್ ಎಂದು ಬರೆದಿದ್ದರೆ ಅದು ಮೇಲಿನ ಬುಟ್ಟಿಯ ಜಾಗವೂ ಸೇರಿದ ಲೆಕ್ಕ, ಶೋಧಿಸಿದ ನೀರು ಅದಕ್ಕಿಂತ ಬಹಳ ಕಡಿಮೆ ಸಿಗುತ್ತದೆ. ಪೆಟ್ಟಿಗೆಯ ಮೇಲೆ ಅಮೆರಿಕದ ಪರೀಕ್ಷಾ ಮಾನಕವಾದ ಎನ್‌ಎಸ್‌ಎಫ್ 42 ಎಂದಿದ್ದರೆ ಕ್ಲೋರಿನ್ ಮತ್ತು ರುಚಿಗೆ, 53 ಎಂದಿದ್ದರೆ ಸೀಸದಂಥ ಆರೋಗ್ಯಕ್ಕೆ ಹಾನಿಕರವಾದ ವಸ್ತುಗಳಿಗೆ ಪರೀಕ್ಷೆಯಾಗಿದೆ ಎಂದರ್ಥ. 53ರಲ್ಲಿ ಯಾವ ವಸ್ತುವಿಗೆ ಎಂಬ ಪಟ್ಟಿಯನ್ನು ಓದಿ ನೋಡಬೇಕು.

ನಂದಿತಪ್ಪಲು:

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ಮನಸಾರೆ ವಂದನೆಗಳು. ನಾನು ಕೊಳ್ಳುವುದನ್ನು ಮುಂದೂಡಿ ಮೊದಲು ನೀರು ಪರೀಕ್ಷೆ ಮಾಡಿಸಬೇಕೆಂದಿದ್ದೇನೆ. ಎಲ್ಲಿ, ಹೇಗೆ ಕೊಡಬೇಕು?

ರಸಾಯನ ಮೇಷ್ಟ್ರು:

ಜಿಲ್ಲಾ ಕೇಂದ್ರದಲ್ಲಿ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯವಿದೆ. ಸಂಪಿನ ಮಿಶ್ರ ನೀರನ್ನು ಕೊಟ್ಟರೆ ಪ್ರಯೋಜನವಿಲ್ಲ. ನಲ್ಲಿ ನೀರು ಬಂದ ದಿನ ನಲ್ಲಿಯಿಂದಲೇ ಒಂದು, ಬೋರ್‌ವೆಲ್ ಮೋಟರನ್ನು ಐದಾರು ನಿಮಿಷ ಓಡಿಸಿ ಅದರಿಂದ ಒಂದು, ಹೀಗೆ ಎರಡು ಮಾದರಿ ಬೇಕು. ಒಂದೊಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ ಸಾಕು, ಫ್ಲೋರೈಡಿಗೆ ಗಾಜಿನದು ಬೇಡ. ಅದೇ ನೀರಿನಿಂದ ಮೂರು ಸಲ ಕುಲುಕಿ ಚೆಲ್ಲಿ ತುಂಬಿಸಿ, ಸ್ಥಳ ಮತ್ತು ದಿನಾಂಕ ಬರೆದು ಅಂಟಿಸಿರಿ. ಕ್ರಿಮಿ ಪರೀಕ್ಷೆಗೆ ಮಾತ್ರ ಪ್ರಯೋಗಾಲಯದವರೇ ಕೊಡುವ ಕ್ರಿಮಿರಹಿತ ಬಾಟಲಿ ಬೇಕು, ಅದನ್ನು ತಣ್ಣಗಿರಿಸಿ ಅಂದೇ ತಲುಪಿಸಬೇಕು.

ನಂದಿತಪ್ಪಲು (ಮೂರು ವಾರಗಳ ನಂತರ):

ವರದಿ ಬಂದಿದೆ. ನಲ್ಲಿ ನೀರಿನಲ್ಲಿ ಫ್ಲೋರೈಡ್ 0.5, ಮಾಲೀಕರ ಬೋರ್‌ವೆಲ್‌ನಲ್ಲಿ 2.1. ಎರಡೂ ಒಂದೇ ಸಂಪಿನಲ್ಲಿ ಬೆರೆತು, ಒಂದೇ ನಲ್ಲಿಯಿಂದ ಇಷ್ಟು ದಿನ ಅಡುಗೆಗೆ ಬರುತ್ತಿತ್ತು. ವರದಿಯನ್ನು ಮಾಲೀಕರಿಗೆ ತೋರಿಸಿದೆ. ಅವರ ಮನೆಯಲ್ಲೂ ಚಿಕ್ಕ ಮಕ್ಕಳಿದ್ದಾರೆ. ಕಾಗದವನ್ನು ಎರಡು ಸಲ ಓದಿ, ಸಂಪಿನ ಪೈಪಿನಿಂದ ಬೇರ್ಪಡಿಸಿ ನಲ್ಲಿ ನೀರನ್ನು ನೇರವಾಗಿ ಅಡುಗೆಮನೆಗೆ ತರುವ ಸಣ್ಣ ಪೈಪನ್ನು ತಾವೇ ಹಾಕಿಸಿಕೊಟ್ಟರು.

ಈಗ ನಲ್ಲಿ ನೀರು ಬಂದ ದಿನ ಮೂರು ಸ್ಟೀಲ್ ಬಿಂದಿಗೆಗಳಲ್ಲಿ ಹಿಡಿದು ಮುಚ್ಚಿಡುತ್ತೇವೆ. ಜಗ್ ತಂದಾಗಿದೆ, ಆ ನೀರನ್ನು ಮಾತ್ರ ಅದಕ್ಕೆ ಹಾಕುತ್ತೇವೆ. ಅತ್ತೆಯವರಿಗೂ ಮಗುವಿಗೂ ಶೋಧಿಸಿದ ಮೇಲೆ ಕುದಿಸಿ ಕೊಡುತ್ತೇನೆ. ಬಿಂದಿಗೆ ಖಾಲಿಯಾಗಿ ನಲ್ಲಿ ಬಾರದ ದಿನಗಳಿಗೆ ಘಟಕದ ಕ್ಯಾನ್ ಒಂದನ್ನು ಇಟ್ಟುಕೊಂಡಿದ್ದೇವೆ, ಅನ್ನಕ್ಕೆ, ಬೇಳೆಗೆ ಕೂಡ ಬೋರ್ ನೀರು ಹಾಕುವುದನ್ನು ನಿಲ್ಲಿಸಿದ್ದೇನೆ. ವಾರಕ್ಕೆ ಮೂರು ಕ್ಯಾನ್ ಹೊರುತ್ತಿದ್ದ ನಮ್ಮ ಯಜಮಾನರು ಈಗ ಒಂದೇ ಹೊರುತ್ತಾರೆ. ಕಾರ್ಟ್ರಿಜ್ ಹಾಕಿದ ದಿನಾಂಕವನ್ನು ಮೊಮ್ಮಗಳೇ ತನ್ನ ಕನ್ನಡ ಅಂಕಿಗಳಲ್ಲಿ ಬರೆದು ಮುಚ್ಚಳಕ್ಕೆ ಅಂಟಿಸಿದ್ದಾಳೆ.

ರೇಷ್ಮೆಗೂಡು:

ಮೇಡಂ, ತಮ್ಮ ವರದಿ ಓದಿ ನಾನೂ ಇಂದು ನಮ್ಮ ಬೋರ್‌ವೆಲ್ ನೀರನ್ನು ಎರಡು ಬಾಟಲಿಗಳಲ್ಲಿ ತುಂಬಿಸಿದ್ದೇನೆ. ನಾಳೆ ಬೆಳಿಗ್ಗೆ ಗೂಡಿನ ಮಾರುಕಟ್ಟೆಗೆ ಹೋಗುವ ಮುಂಚೆ ಚಿಕ್ಕಬಳ್ಳಾಪುರಕ್ಕೆ ಬಂದು ಕೊಡುತ್ತೇನೆ. ಫಲಿತಾಂಶ ಬಂದ ಕೂಡಲೇ ಇಲ್ಲಿಯೇ ಬರೆಯುತ್ತೇನೆ.